ಮೊದಲ ಪುಸ್ತಕ, ಮೊದಲ ಬೋಣಿ: ಶಿರಾಗೇಟಿನ ಪೇಂಟರಣ್ಣನ ಲೆಕ್ಕ

ತುಮಕೂರು: ಗುರುತಿನವರು ಯಾರಾದರೂ ಹೊಸ ಹೋಟೆಲ್ ಇಟ್ಟರೆ ಮೊದಲ ದಿನವೇ ಹೋಗಿ ಕಾಫಿ ಕುಡಿದು ದುಡ್ಡು ಕೊಟ್ಟು ಬರುತ್ತೇವೆ. ಬೇಡ ಅಂದರೂ ಮೇಜಿನ ಮೇಲೆ ಇಟ್ಟು ಬರುತ್ತೇವೆ. ಕಿರಾಣಿ ಅಂಗಡಿ ಇಟ್ಟರೆ ಕಾಲು ಕೇಜಿ ಸಕ್ಕರೆಯಾದರೂ ತಗೊಂಡು ಬೋಣಿ ಮಾಡುತ್ತೇವೆ. ಅದೇ ಗುರುತಿನವನು ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದನೋ, ಕೈ ಚಾಚಿ ನಿಂತುಬಿಡುತ್ತೇವೆ. "ಏನಪ್ಪಾ, ನಮಗೊಂದು ಕಾಪಿ ಇಲ್ವಾ?"

ಸ್ವಾಮೀ, ಈ ವಾರ ನಮ್ಮ ಅಂಕಣದ ವಿಷಯ ಆ ಒಂದು ಕಾಪಿ.

ಮಾತು ಎತ್ತಲು ಕಾರಣ ಶಿರಾಗೇಟಿನ ಒಬ್ಬ ಪೇಂಟರು. ಲಾರಿಗಳ ಹಿಂದೆ ಮುಂದೆ ಅಕ್ಷರ ಬರೆಯುವುದು, ಅಂಗಡಿ ಬೋರ್ಡು ಬರೆಯುವುದು ಅವರ ಕಸುಬು. ವಯಸ್ಸು ಐವತ್ತು ದಾಟಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಕಮ್ಮಿಯಾದರು. ಲಾರಿಯವರು ಮಾತ್ರ ಇನ್ನೂ ಕೈ ಬಿಟ್ಟಿಲ್ಲ. ಲಾರಿ ಬಣ್ಣ ಒಣಗುವ ತನಕ ಕೂತಿರಬೇಕಲ್ಲ, ಆ ಹೊತ್ತಿನಲ್ಲಿ ನೋಟ್‌ಬುಕ್ಕಿನಲ್ಲಿ ಕಥೆ ಬರೆಯುತ್ತಾ ಬಂದರು. ಹತ್ತು ಕಥೆ ಆದವು. ಚೀಟಿ ಎತ್ತಿ, ಆ ದುಡ್ಡಿನಲ್ಲಿ ಅಚ್ಚು ಹಾಕಿಸಿದರು. 112 ಪುಟ, ಬೆಲೆ 130 ರೂ. ಮುಖಪುಟದ ಚಿತ್ರ ಅವರದೇ ಕುಂಚದ್ದು.

ಹೆಸರು ಯಾಕೆ ಹಾಕಿಲ್ಲ ಅಂತ ಕೇಳುತ್ತೀರಿ. ಅವರೇ ಬೇಡ ಅಂದರು. "ಹಾಕ್ಬೇಡಿ ಸಾರ್. ಪೇಪರ್ನೋರಿಗೆ ದುಡ್ಡು ಕೊಟ್ಟು ಬರೆಸ್ಕೊಂಡವ್ನೆ ಅಂತಾರೆ. ಆಮೇಲೆ ಚೀಟಿ ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ನಮ್ಮ ಭಾವಮೈದ್ನಂಗೆ ಗೊತ್ತಾಗೋಯ್ತದೆ." ಆಗಲಿ, ನಾವೂ ಪೇಂಟರಣ್ಣ ಅಂತಲೇ ಕರೆಯೋಣ.

ಮೊದಲ ಗಿರಾಕಿ

ಪುಸ್ತಕದ ಕಟ್ಟುಗಳು ಬಂದು ಬಿದ್ದ ದಿನ ಇನ್ನೂ ಬಿಡುಗಡೆ ಆಗಿರಲಿಲ್ಲ. ಬಣ್ಣದ ಡಬ್ಬಗಳ ಪಕ್ಕದಲ್ಲಿ ಒಂದು ಪ್ರತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಹಿರಿಯೂರು ಕಡೆಯ ಒಬ್ಬ ಲಾರಿ ಡ್ರೈವರ್, ನಂಬರ್ ಬರೆಸಲು ಬಂದವನು, ಪುಸ್ತಕ ತಿರುಗಿಸಿ ನೋಡಿದ. ಹಿಂದಿನ ರಕ್ಷಾಪುಟದಲ್ಲಿ ಫೋಟೋ ಇತ್ತು.

"ಏನಣ್ಣಾ, ಇದು ನೀನಾ?"

"ನಾನೇ ಕಣಪ್ಪ."

"ನೀನು ಬರ್ದಿದ್ದಾ? ಎಷ್ಟು?"

"ಅದ್ರಲ್ಲೇ ಹಾಕೈತಲ್ಲ."

ಡ್ರೈವರ್ ನೂರರ ಒಂದು ನೋಟು, ಹತ್ತರ ಮೂರು ನೋಟು ಎಣಿಸಿ ಕೊಟ್ಟ. ಪೇಂಟರಣ್ಣ ಇವತ್ತಿಗೂ ಹೇಳುವ ಮಾತು ಇದು: "ನಂಬರ್ ಬರ್ಸೋಕೆ ಐವತ್ ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡ್ದ ಸಾರ್ ಆ ಆಸಾಮಿ. ಪುಸ್ತಕಕ್ಕೆ ಒಂದ್ ರೂಪಾಯೀನೂ ಬಿಡಿ ಅನ್ಲಿಲ್ಲ."

ಮೂವತ್ತು ವರ್ಷದಿಂದ ಅಕ್ಷರ ಬರೆದೇ ದುಡ್ಡು ತಗೊಂಡಿರುವ ಮನುಷ್ಯ ಅವರು. ಆದರೆ ಆ ಅಕ್ಷರಗಳೆಲ್ಲ ಇನ್ನೊಬ್ಬರು ಹೇಳಿ ಬರೆಸಿದ್ದು. ತನ್ನ ತಲೆಯಲ್ಲಿ ಹುಟ್ಟಿದ ಅಕ್ಷರಕ್ಕೆ ಬಂದ ಮೊದಲ ದುಡ್ಡು ಆ 130 ರೂಪಾಯಿ. ಮನೆಯಾಕೆ ಅದನ್ನು ಸಂಜೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರಂತೆ. ಆ ನೋಟುಗಳು ಇನ್ನೂ ಖರ್ಚಾಗಿಲ್ಲ.

ಲೆಕ್ಕದ ಪುಸ್ತಕ

ಪೇಂಟರಣ್ಣ ಕಥೆಗಾರ ಆದರೂ ಲೆಕ್ಕದಲ್ಲಿ ಬಲು ಗಟ್ಟಿ. ಲಾಂಗ್ ನೋಟ್‌ಬುಕ್ಕಿನಲ್ಲಿ ಒಂದೊಂದು ಪ್ರತಿ ಎಲ್ಲಿಗೆ ಹೋಯಿತು ಅಂತ ಬರೆದಿಟ್ಟಿದ್ದಾರೆ. ನಾಲ್ಕು ತಿಂಗಳ ಲೆಕ್ಕ ತೆಗೆದು ತೋರಿಸಿದರು.

ಖರ್ಚು: ಡಿಟಿಪಿ ಮತ್ತು ಕರಡು ತಿದ್ದಿದ್ದು 4,500 ರೂ. ಮುನ್ನೂರು ಪ್ರತಿ ಅಚ್ಚು, ಪ್ರತಿಗೆ 70ರಂತೆ 21,000 ರೂ. ಆಹ್ವಾನ ಪತ್ರ, ಬಾಡಿಗೆ ಕುರ್ಚಿ, ಉಪ್ಪಿಟ್ಟು, ಕೇಸರಿಬಾತು, ಹಾರ, ಶಾಲು 3,800 ರೂ. ಒಟ್ಟು 29,300 ರೂ.

ಬಿಡುಗಡೆ ನಡೆದದ್ದು ಗೆಳೆಯನ ಗ್ಯಾರೇಜಿನ ಶೆಡ್ಡಿನಲ್ಲಿ. ಅಂದು ರಿಯಾಯಿತಿ ಬೆಲೆ ನೂರು ರೂಪಾಯಿಗೆ ಹೋದದ್ದು 46 ಪ್ರತಿ, ಅಂದರೆ 4,600 ರೂ. ಉಪ್ಪಿಟ್ಟು ಮಾತ್ರ ತೊಂಬತ್ತು ಪ್ಲೇಟ್ ಹೋಯಿತು, ಅದು ಬೇರೆ ವಿಷಯ. ಆಮೇಲೆ ಪೂರ್ತಿ ಬೆಲೆಗೆ ಕೈಯಿಂದ ಕೈಗೆ, ಅಂಚೆಯಲ್ಲಿ ಮಾರಿದ್ದು 72 ಪ್ರತಿ, 9,360 ರೂ. ಮೂರು ಅಂಗಡಿಗೆ ನೂರಕ್ಕೆ ಮೂವತ್ತು ಕಮಿಷನ್ ಮೇಲೆ 45 ಪ್ರತಿ ಇಟ್ಟರು. ಅದರಲ್ಲಿ ದುಡ್ಡು ಕೈಗೆ ಬಂದದ್ದು ಎಂಟು ಪ್ರತಿಯದು, 728 ರೂ. ಉಳಿದದ್ದಕ್ಕೆ "ಮುಂದಿನ ತಿಂಗಳು ಬಾರಪ್ಪ" ಅನ್ನುವ ಉತ್ತರ.

ಒಟ್ಟು ಬಂದದ್ದು 14,688 ರೂ. ಖರ್ಚಿನಲ್ಲಿ ಕಳೆದರೆ ಕೈಯಿಂದ ಹೋದದ್ದು 14,612 ರೂ. ಮನೆಯಲ್ಲಿ ಮಂಚದ ಕೆಳಗೆ 73 ಪ್ರತಿ ಇವೆ.

ಹಾಗಾದರೆ ಮಿಕ್ಕವು? ಇಲ್ಲೇ ಇರುವುದು ಕಥೆ. ಪುಕ್ಕಟೆ ಹೋದದ್ದು 64 ಪ್ರತಿ! ನೆಂಟರಿಷ್ಟರಿಗೆ 21. ಸ್ನೇಹಿತರಿಗೆ 15. ವೇದಿಕೆಯಲ್ಲಿ ಕೂತವರಿಗೆ 6. ಪತ್ರಿಕೆಗಳಿಗೆ ವಿಮರ್ಶೆಗೆಂದು 12. ಉಳಿದ ಹತ್ತು ಪ್ರತಿ ಒಬ್ಬ ಪುಢಾರಿ ತಗೊಂಡರು. "ನಮ್ಮ ಹುಡುಗರಿಗೆಲ್ಲ ಓದಿಸ್ತೀನಿ, ದುಡ್ಡು ಕಳಿಸ್ತೀನಿ" ಅಂದು ಫೋಟೋ ಹೊಡೆಸಿಕೊಂಡು ಹೋದರು. ಪುಸ್ತಕ ಕಾರಿನ ಹಿಂದಿನ ಸೀಟಿನಲ್ಲಿ ಹೋಯಿತು, ದುಡ್ಡು ಮಾತಿನಲ್ಲೇ ಉಳಿಯಿತು.

ವಿಮರ್ಶೆಗೆ ಕೊಟ್ಟ ಹನ್ನೆರಡು ಬಿಡಿ, ಅದು ಪದ್ಧತಿ. ಉಳಿದ 52 ಪ್ರತಿಗೆ ಬೆಲೆ ಕೊಟ್ಟಿದ್ದರೆ 6,760 ರೂ. ಬರುತ್ತಿತ್ತು. ನಷ್ಟ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತಿತ್ತು. ಅಚ್ಚಿನವನು ಬಿಡಲಿಲ್ಲ, ಕುರ್ಚಿಯವನು ಬಿಡಲಿಲ್ಲ, ಉಪ್ಪಿಟ್ಟಿನ ಭಟ್ಟರೂ ಬಿಡಲಿಲ್ಲ. ಪುಕ್ಕಟೆ ಕೆಲಸ ಮಾಡಿದವರು ಯಾರಪ್ಪಾ ಅಂದರೆ ಬರೆದವರೊಬ್ಬರೇ.

ಸಣ್ಣ ಸಣ್ಣ ಸುಖ

ಇಷ್ಟೆಲ್ಲ ನಷ್ಟದ ಲೆಕ್ಕ ಓದಿ ಮನುಷ್ಯ ಮುಖ ಜೋತು ಹಾಕಿಕೊಂಡು ಕೂತಿರಬೇಕು ಅಂತ ನಾನು ಅಂದುಕೊಂಡೆ. ಇಲ್ಲ! ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿದರು. ಅಲ್ಲಿ ಬೇರೆ ಲೆಕ್ಕ ಇತ್ತು: ಪುಸ್ತಕದ ದುಡ್ಡಿನಲ್ಲಿ ತಗೊಂಡ ಸಾಮಾನು.

ಮನೆಯಾಕೆಗೆ ಮಲ್ಲಿಗೆ ಹೂವು, ಎರಡು ಮೊಳ. ಜತೆಗೆ ಕೆಲಸ ಮಾಡುವ ಹುಡುಗನನ್ನು ಕ್ಯಾತಸಂದ್ರಕ್ಕೆ ಕರಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದ್ದು. ಒಂದು ಆರನೇ ನಂಬರಿನ ಕುಂಚ. ಕನ್ನಡಕದ ಹೊಸ ಫ್ರೇಮು. ಇನ್ನೊಬ್ಬ ಹೊಸ ಕಥೆಗಾರನ ಪುಸ್ತಕ ಒಂದು. ಅದನ್ನು ದುಡ್ಡು ಕೊಟ್ಟೇ ತಗೊಂಡರು!

ಪಾವಗಡದಿಂದ ಒಬ್ಬ ಹೆಣ್ಣುಮಗಳು ಫೋನ್‌ಪೇನಲ್ಲಿ 130 ರೂ. ಹಾಕಿ ವಿಳಾಸ ಕಳಿಸಿದರಂತೆ. ಮಾರನೇ ಬೆಳಗ್ಗೆ ಇನ್ನೂ ಮೂವತ್ತು ರೂಪಾಯಿ ಬಂತು. ಜತೆಗೆ ಒಂದು ಸಾಲು: ಅಂಚೆ ಖರ್ಚು ಮರೆತಿದ್ದೆ, ಕ್ಷಮಿಸಿ. ಮಧುಗಿರಿಯ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ, "ನಾಲ್ಕನೇ ಕಥೆಯಲ್ಲಿ ಆ ಕ್ಲೀನರ್ ಹುಡುಗ ಮನೆಗೆ ವಾಪಸ್ ಹೋದನೋ ಇಲ್ಲವೋ ಹೇಳಿ" ಅಂತ ಕೇಳಿದರಂತೆ. ಪೇಂಟರಣ್ಣ ನಕ್ಕರು. "ಇಲ್ಲದ ಹುಡುಗ ಸಾರ್ ಅವ್ನು. ನಾನು ಹುಟ್ಟಿಸ್ದೋನು. ಅವನ ಚಿಂತೇಲಿ ಮಧುಗಿರೀಲಿ ಒಬ್ರಿಗೆ ನಿದ್ದೆ ಬಂದಿಲ್ಲ!"

ಹದಿನಾಲ್ಕು ಸಾವಿರ ಕಳೆದುಕೊಂಡ ಮನುಷ್ಯನ ನಗು ಹಾಗಿತ್ತು. ದುಡ್ಡು ಕೊಟ್ಟು ಓದಿದವರೇ ಫೋನ್ ಮಾಡಿದ್ದು, ಅಂಚೆ ಖರ್ಚು ನೆನೆಸಿಕೊಂಡದ್ದು. ಪುಕ್ಕಟೆ ತಗೊಂಡವರಲ್ಲಿ "ಓದಿದೆ" ಅಂತ ಹೇಳಿದವರು ಎಷ್ಟು ಅಂದೆ. ಎಡಗೈ ಬೆರಳಲ್ಲಿ ಎಣಿಸಿದರು. ಮೂರಕ್ಕೆ ನಿಂತಿತು.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ದೊಡ್ಡ ದೊಡ್ಡೋರಿಗೂ ಮೊದಲ್ನೇ ಪುಸ್ತಕ ಹಿಂಗೇ ಆಗಿತ್ತಾ ಸಾರ್?"

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಒಳ್ಳೇ ಪರೀಕ್ಷೆ ಇಟ್ಟರು. ಓದಿ ತಿಳಿದದ್ದನ್ನು ಅವರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

ಒಂಬತ್ತು ರೂಪಾಯಿ ಹನ್ನೆರಡಾಣೆ

ಮೈಸೂರಿನ ಆರ್.ಕೆ. ನಾರಾಯಣ್ ಗೊತ್ತಲ್ಲ, 'ಮಾಲ್ಗುಡಿ ಡೇಸ್' ನಾರಾಯಣ್. ಬರೆದೇ ಬದುಕುತ್ತೇನೆ ಅಂತ ಹಟ ಹಿಡಿದು ಕೂತ ಮೊದಲ ವರ್ಷ ಅವರ ಸಂಪಾದನೆ ಒಂಬತ್ತು ರೂಪಾಯಿ ಹನ್ನೆರಡಾಣೆ. ಅದೂ ಕಥೆಗಲ್ಲ, ಒಂದು ಪುಸ್ತಕ ವಿಮರ್ಶೆಗೆ. ಎರಡನೇ ವರ್ಷ ಒಂದು ಕಥೆಗೆ ಹದಿನೆಂಟು ರೂಪಾಯಿ. ಮೂರನೇ ವರ್ಷ ಮಕ್ಕಳ ಕಥೆಯೊಂದಕ್ಕೆ ಮೂವತ್ತು. ಮೂರು ವರ್ಷ ಸೇರಿಸಿದರೆ ಐವತ್ತೇಳು ರೂಪಾಯಿ ಹನ್ನೆರಡಾಣೆ! ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ.

ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೋದ ಕಡೆಯಿಂದೆಲ್ಲ ವಾಪಸ್ ಬಂತು. ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ತಿಳಿಸಿದರು. ಗೆಳೆಯ ಎಸೆಯಲಿಲ್ಲ, ಗ್ರಹಾಂ ಗ್ರೀನ್ ಎಂಬ ಲೇಖಕರ ಕೈಗೆ ಕೊಟ್ಟ. ಅವರು ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂತು. ಹೊಗಳಿಕೆ ಬಂತು, ಮಾರಾಟ ಮಾತ್ರ ಆಗಲಿಲ್ಲ. ಆದರೂ ಅವರು ಬರೆಯುವುದು ನಿಲ್ಲಿಸಲಿಲ್ಲ. ಮುಂದೆ ಮೈಸೂರಿನಲ್ಲಿ ತಮ್ಮದೇ ಪ್ರಕಾಶನ ಮಾಡಿ ತಮ್ಮ ಪುಸ್ತಕ ತಾವೇ ಹಾಕಿದರು.

ಸೀಮೆಯಾಚೆ ನೋಡಿದರೂ ಇದೇ ಪಾಡು. ಇಂಗ್ಲೆಂಡಿನ ಬ್ರಾಂಟೆ ಅಕ್ಕತಂಗಿಯರು ಮೂವರೂ ಸೇರಿ 1846ರಲ್ಲಿ ತಮ್ಮ ಖರ್ಚಿನಲ್ಲೇ ಒಂದು ಕವನ ಸಂಕಲನ ತಂದರು. ಮೊದಲ ವರ್ಷ ಮಾರಾಟವಾದದ್ದು ಎರಡು ಪ್ರತಿ. ಇನ್ನೂರಲ್ಲ, ಬರೀ ಎರಡು! ಮರುವರ್ಷವೇ ಆ ಮನೆಯಿಂದ 'ಜೇನ್ ಐರ್' ಕಾದಂಬರಿ ಬಂದು ಇಂಗ್ಲೆಂಡೆಲ್ಲ ಓದಿತು. ಗಾಂಧೀಜಿ ಮೆಚ್ಚಿದ ಅಮೆರಿಕದ ಥೋರೋ 1849ರಲ್ಲಿ ಮೊದಲ ಪುಸ್ತಕವನ್ನು ಸಾವಿರ ಪ್ರತಿ ಹಾಕಿಸಿದ. ನಾಲ್ಕು ವರ್ಷಕ್ಕೆ 706 ಪ್ರತಿ ಗಾಡಿಯಲ್ಲಿ ಮನೆಗೆ ವಾಪಸ್ ಬಂದವು. ತಾನೇ ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ಸಾಗಿಸಿದ.

ಇದನ್ನು ಹೇಳಿದಾಗ ಪೇಂಟರಣ್ಣನ ಮನೆಯಾಕೆ ಒಳಗಿನಿಂದಲೇ ಅಂದರು: "ಹಂಗಾದ್ರೆ ನಮ್ದು ಮಂಚದ ಕೆಳ್ಗೆ ಹಿಡಿದೈತೆ, ಪರವಾಗಿಲ್ಲ."

ತಲೆ ಮೇಲೆ ಹೊತ್ತವರು, ಬಗಲಲ್ಲಿ ಹೊತ್ತವರು

ಕನ್ನಡದವರ ಮಾತಿಗೆ ಬನ್ನಿ. ಗಳಗನಾಥರು (1869–1942) ಹಾವೇರಿ ಸೀಮೆಯವರು, ಶಾಲಾ ಮೇಷ್ಟ್ರು, ಕನ್ನಡಕ್ಕೆ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಮೊದಲಿಗರು. ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ತರಕಾರಿ ಮಾರುವವರ ಹಾಗೆ ಮನೆ ಬಾಗಿಲಿಗೆ ಹೋಗಿ ಪುಸ್ತಕ ಕೊಟ್ಟು ದುಡ್ಡು ಇಸಕೊಂಡರು. ನಾಚಿಕೆ ಪಡಲಿಲ್ಲ.

ಜಿ.ಪಿ. ರಾಜರತ್ನಂ ನಮ್ಮ ತುಮಕೂರಿಗೂ ಸೇರಿದವರು. ಕನ್ನಡ ಮೇಷ್ಟ್ರಾಗಿ ಮೈಸೂರು, ಬೆಂಗಳೂರು, ಶಿವಮೊಗ್ಗಗಳ ಜತೆ ತುಮಕೂರಿನಲ್ಲೂ ಪಾಠ ಹೇಳಿದರು. ಕುಡುಕ ರತ್ನನ ಬಾಯಲ್ಲಿ ಪದ ಹಾಡಿಸಿ ಮನೆಮಾತಾದವರು. ಆ ಮನುಷ್ಯ ಪುಸ್ತಕದ ಚೀಲ ಬಗಲಿಗೆ ಹಾಕಿಕೊಂಡು ತಾವೇ ಮಾರುತ್ತಿದ್ದರು. ತಮ್ಮದಷ್ಟೇ ಅಲ್ಲ, ವಿದ್ಯಾರ್ಥಿಗಳು ಬರೆದದ್ದನ್ನೂ ಅಚ್ಚು ಹಾಕಿಸಿ, ಅವನ್ನೂ ಹೊತ್ತು ಮಾರಿದರು. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು. ಪುಸ್ತಕ ಮಾರುವುದು ಲೇಖಕನ ಮರ್ಯಾದೆಗೆ ಕಮ್ಮಿ ಅನ್ನುವವರು ಆ ಚೀಲವನ್ನು ಒಂದು ಸಲ ನೆನೆಸಿಕೊಳ್ಳಲಿ.

ಇನ್ನು ಕೆ.ಎಸ್. ನರಸಿಂಹಸ್ವಾಮಿ. ಕಿಕ್ಕೇರಿಯವರಾದರೂ ನಮ್ಮ ಜಿಲ್ಲೆಯ ಅಳಿಯ. ಹೆಂಡತಿ ವೆಂಕಮ್ಮನವರು ತಿಪಟೂರಿನವರು. ಅವರ ಮೊದಲ ಸಂಕಲನವೇ 1942ರ 'ಮೈಸೂರು ಮಲ್ಲಿಗೆ'. ಮತ್ತೆ ಮತ್ತೆ ಅಚ್ಚಾದ, ಮದುವೆ ಮನೆಯಲ್ಲಿ ಉಡುಗೊರೆಯಾಗಿ ಹೋದ, 1992ರಲ್ಲಿ ಸಿನಿಮಾ ಕೂಡ ಆದ ಪುಸ್ತಕ. ಮೊದಲ ಪುಸ್ತಕಕ್ಕೆ ಇಷ್ಟು ದೊಡ್ಡ ಅದೃಷ್ಟ ಕನ್ನಡದಲ್ಲಿ ಬಲು ಅಪರೂಪ.

ಅದೃಷ್ಟ ಇಲ್ಲದವರ ಮಾತೂ ಹೇಳಬೇಕು. ನಂದಳಿಕೆಯ ಮುದ್ದಣ (1870–1901) ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ತಮ್ಮ ಕೃತಿಗಳನ್ನು ಹಳೇ ಕವಿಗಳದು ಎನ್ನುವಂತೆ ಮೈಸೂರಿನ 'ಕಾವ್ಯಮಂಜರಿ' ಪತ್ರಿಕೆಗೆ ಕಳಿಸಿದರು. ಹೆಸರೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಮೂವತ್ತೊಂದಕ್ಕೆ ಕ್ಷಯ ಬಂದು ಹೋದರು. ಓದಿದವರು ಮೆಚ್ಚಿದರು ಅನ್ನುವ ಸಣ್ಣ ಸುಖ ಪೂರ್ತಿ ಸಿಗುವ ಮೊದಲೇ ಮನುಷ್ಯ ಇರಲಿಲ್ಲ. ಪೇಂಟರಣ್ಣಾ, ಮುಂದಿನ ಸಲವಾದರೂ ಹೆಸರು ಹಾಕಿಸಿಕೊಳ್ಳಿ!

ತೀರಾ ಇತ್ತೀಚಿನದು ಹಾಸನದ ಬಾನು ಮುಷ್ತಾಕ್ ಅವರ ಕಥೆ. ಅವರ ಮೊದಲ ಕಥಾಸಂಕಲನ 'ಹೆಜ್ಜೆ ಮೂಡಿದ ಹಾದಿ' ಬಂದದ್ದು 1990ರಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ಬಹುಮಾನ 50,000 ಪೌಂಡು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೆ ಅರ್ಧ, ಬಾನು ಅವರಿಗೆ ಅರ್ಧ. ಮೊದಲ ಪುಸ್ತಕದಿಂದ ಅಲ್ಲಿಗೆ ಮೂವತ್ತೈದು ವರ್ಷ. ಆ ಮೂವತ್ತೈದು ವರ್ಷ ಬರೆಯುವ ಕೈ ನಿಲ್ಲದ ಹಾಗೆ ನೋಡಿಕೊಂಡವರಲ್ಲಿ, ಪುಸ್ತಕಕ್ಕೆ ದುಡ್ಡು ಕೊಟ್ಟು ಓದಿದ ಹೆಸರಿಲ್ಲದ ಓದುಗರೂ ಇದ್ದಾರೆ.

ಕಾನೂನು ಹೇಳುವ ಪುಕ್ಕಟೆ ಪ್ರತಿ ನಾಲ್ಕೇ

ಈಗ ಒಂದು ಮೋಜಿನ ಸಂಗತಿ. ಪುಕ್ಕಟೆ ಪ್ರತಿ ಕೊಡಲೇಬೇಕು ಅಂತ ನಮ್ಮ ದೇಶದಲ್ಲಿ ಒಂದು ಕಾನೂನೇ ಇದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆ. ಅದರ ಪ್ರಕಾರ ಪ್ರಕಾಶಕ ತನ್ನ ಖರ್ಚಿನಲ್ಲಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಒಟ್ಟು ನಾಲ್ಕು. ತಪ್ಪಿದರೆ ಐವತ್ತು ರೂಪಾಯಿ ತನಕ ದಂಡ, ಮೇಲೆ ಪುಸ್ತಕದ ಬೆಲೆ.

ಆ ಕಾಯಿದೆಯ ಪಟ್ಟಿಯಲ್ಲಿ ಭಾವಮೈದುನನ ಹೆಸರಿಲ್ಲ. ಓಣಿಯ ಪುಢಾರಿಯ ಹೆಸರೂ ಇಲ್ಲ. ನಾನು ಎರಡು ಸಲ ಓದಿ ನೋಡಿದೆ!

ಹೊಸಬರಿಗೆ ನಾಲ್ಕು ಮಾತು

ನಮ್ಮ ಜಿಲ್ಲೆಯಲ್ಲಿ ಬರೆಯುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಚೀಟಿ ಎತ್ತುವ ಮೊದಲು ಇಷ್ಟು ಗೊತ್ತಿರಲಿ.

ಒಂದು, ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸಬೇಕು. ವಯಸ್ಸಿನ ಮಿತಿ ಇರುವುದರಿಂದ ಪೇಂಟರಣ್ಣನಂಥವರಿಗೆ ದಕ್ಕುವುದಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಹಲಸಂಗಿಯ ಮಧುರಚೆನ್ನರ ಹೆಸರಿನದು ಲೇಖಕರ ಮೊದಲ ಸ್ವತಂತ್ರ ಕೃತಿಗೇ ಮೀಸಲು. ಕಥೆಗಾರ ವಸುಧೇಂದ್ರರ ಛಂದ ಪುಸ್ತಕ ಪ್ರಕಾಶನ, ಇನ್ನೂ ಸಂಕಲನ ತರದ ಕಥೆಗಾರರಿಗೆಂದೇ ಸ್ಪರ್ಧೆ ನಡೆಸಿ, ಗೆದ್ದವರ ಪುಸ್ತಕ ತಾನೇ ಹಾಕುತ್ತಾ ಬಂದಿದೆ. ಹಾಗೆ ಬಂದ ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ'ಗೆ 2017ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಬಂತು.

ಎರಡು, ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದರೆ ಒಂದೇ ಏಟಿಗೆ ಮುನ್ನೂರರ ಆಸುಪಾಸು ಪ್ರತಿ ಹೋಗುತ್ತದೆ. ಬೆಲೆ ಪುಟದ ಲೆಕ್ಕದಲ್ಲಿ. ಬಿಲ್ಲು ಬರಲು ತಡವಾಗುತ್ತದೆ ಅನ್ನುವುದು ಪ್ರಕಾಶಕರ ಹಳೇ ಗೋಳು. ಆದರೆ ಓದುಗರೇ, ನೀವೂ ಒಂದು ತಿಳಕೊಳ್ಳಿ. 1965ರ ಗ್ರಂಥಾಲಯ ಕಾಯಿದೆಯಂತೆ ನಿಮ್ಮ ಮನೆ ಕಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ದುಡ್ಡು ನೀವು ಆಗಲೇ ಕೊಟ್ಟಿದ್ದೀರಿ. ಲೈಬ್ರರಿಗೆ ಹೋಗಿ, ನಮ್ಮೂರಿನವರ ಪುಸ್ತಕ ತರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಮೂರು, ಅಂಚೆ. ಪುಸ್ತಕ ಕಳಿಸಲು 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ವ್ಯವಸ್ಥೆ ಬಂದಿದೆ. ಶುರುವಾದಾಗ ಇಟ್ಟ ದರ 300 ಗ್ರಾಂ ತನಕ 20 ರೂಪಾಯಿ, ಐದು ಕೇಜಿಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರು ಅಥವಾ ಪ್ರಕಾಶಕರ ಹೆಸರು ಇರಬೇಕು. ಅಚ್ಚಿನ ಮನೆಗೆ ಮೊದಲೇ ಹೇಳಿಡಿ.

ನಾಲ್ಕು, ಇದು ಮುಖ್ಯ. ಪ್ರಕಾಶಕರು ಹಾಕಿಕೊಡುತ್ತೇವೆ ಅಂದರೆ ಖುಷಿಯಲ್ಲಿ ಕಂಡ ಕಾಗದಕ್ಕೆಲ್ಲ ರುಜು ಹಾಕಬೇಡಿ. ರಾಯಧನ ಸಾಮಾನ್ಯವಾಗಿ ನೂರಕ್ಕೆ ಹತ್ತು. 130 ರೂಪಾಯಿ ಪುಸ್ತಕಕ್ಕೆ ಹದಿಮೂರು ರೂಪಾಯಿ. ಮುನ್ನೂರೂ ಮಾರಿದರೆ ಬರೆದವರಿಗೆ 3,900 ರೂಪಾಯಿ. ಕೈಯಿಂದ ಹಾಕುವುದಿಲ್ಲ ಅನ್ನುವುದೇ ಅದರ ಲಾಭ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ಬರೆದುಕೊಡುವುದು ಕಾಗದದಲ್ಲಿ ರುಜುವಿನೊಂದಿಗೇ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಆ ಹಕ್ಕು ಮಕ್ಕಳು ಮೊಮ್ಮಕ್ಕಳದು. ಬಾಯಿಮಾತಿಗೆ ಮನೆ ಬರೆದುಕೊಡುತ್ತೀರಾ? ಇದೂ ಹಾಗೇ.

ಟಿಕೆಟ್ ತಗೊಂಡ ಜಿಲ್ಲೆ

ನಮ್ಮ ಜಿಲ್ಲೆಯವರಿಗೆ ಕಲೆಗೆ ದುಡ್ಡು ಕೊಡುವುದು ಗೊತ್ತಿಲ್ಲ ಅನ್ನಲಾಗದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಟಿಕೆಟ್ ದುಡ್ಡಿನ ಮೇಲೇ ಬೆಳೆದು, ವೀರಣ್ಣನವರ ಕಾಲಕ್ಕೆ ನಾಡಿಗೇ ದೊಡ್ಡ ಕಂಪನಿ ಆಯಿತು. ನೆಲದ ಮೇಲೆ ಕೂತು ನೋಡಿದವರೂ ಟಿಕೆಟ್ ತಗೊಂಡೇ ಕೂತರು. 2002ರಲ್ಲಿ 69ನೇ ಸಾಹಿತ್ಯ ಸಮ್ಮೇಳನ ನಮ್ಮ ತುಮಕೂರಿನಲ್ಲೇ ನಡೆಯಿತು, ಯು.ಆರ್. ಅನಂತಮೂರ್ತಿ ಅಧ್ಯಕ್ಷರು. ಸಮ್ಮೇಳನ ಯಾವ ಊರಿನಲ್ಲೇ ಆಗಲಿ, ಪುಸ್ತಕ ಮಳಿಗೆಗಳ ಮುಂದೆ ಜನ ಮುಗಿಬೀಳುವುದು ಎಲ್ಲರೂ ಕಂಡದ್ದೇ. ದೂರದ ಲೇಖಕನಿಗೆ ದುಡ್ಡು ಎಣಿಸುವ ಕೈ ಪಕ್ಕದ ಬೀದಿಯವನ ಮುಂದೆ ಮಾತ್ರ ಜೇಬಿಗೆ ಹೋಗುವುದಿಲ್ಲ.

ನೂರಮೂವತ್ತು ರೂಪಾಯಿ ಇವತ್ತು ಏನು ಮಹಾ? ಇಬ್ಬರು ಹೋಟೆಲಿಗೆ ಹೋಗಿ ದೋಸೆ ಕಾಫಿ ಮುಗಿಸಿದರೆ ಅಷ್ಟಾಗುತ್ತದೆ. ಅದರಿಂದ ಯಾವ ಲೇಖಕನೂ ಮನೆ ಕಟ್ಟಿಸುವುದಿಲ್ಲ. ಆದರೆ ಮುನ್ನೂರು ಪ್ರತಿಯ ಪುಸ್ತಕಕ್ಕೆ ಇಂಥ ಐವತ್ತು ಬೋಣಿ ಹೆಚ್ಚಾದರೆ, ಎರಡನೇ ಪುಸ್ತಕಕ್ಕೆ ಚೀಟಿ ಎತ್ತುವ ಧೈರ್ಯ ಬರುತ್ತದೆ. ಪೇಂಟರಣ್ಣನ ನೋಟ್‌ಬುಕ್ಕಿನಲ್ಲಿ ಹನ್ನೊಂದನೇ ಕಥೆ ಆಗಲೇ ಶುರುವಾಗಿದೆ. ಮುಗಿಸುತ್ತಾರೋ ಇಲ್ಲವೋ ಅನ್ನುವುದು ಮಂಚದ ಕೆಳಗಿನ 73 ಪ್ರತಿಯ ಮೇಲಿದೆ.

ಈ ಅಂಕಣಕಾರ ತನ್ನ ಪ್ರತಿಗೆ 130 ರೂ. ಕೊಟ್ಟೇ ತಗೊಂಡಿದ್ದಾನೆ. ಹಾಗಾಗಿ ಈಗ ಮಂಚದ ಕೆಳಗೆ 72. ಓದಲು ಇಸಕೊಂಡು ಹೋಗುತ್ತೇನೆ ಅಂತ ಯಾರೂ ನಮ್ಮ ಕಚೇರಿಗೆ ಬರಬೇಡಿ. ಶಿರಾಗೇಟಿಗೆ ಹೋಗಿ, ಲಾರಿಗೆ ಅಕ್ಷರ ಬರೆಯುವ ಪೇಂಟರಣ್ಣ ಎಲ್ಲಿ ಅಂತ ಕೇಳಿ. ಚಿಲ್ಲರೆ ಸರಿಯಾಗಿ ತಗೊಂಡು ಹೋಗಿ.